ಸಿದ್ಧ ಟೂಲ್ ಇದ್ದರೂ ಕಂಪನಿಗಳು ತಮ್ಮದೇ ಯಾಕೆ ಕಟ್ಟುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಿಗೆ ಮತ್ತು ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಈ ಪ್ರಶ್ನೆಗಳನ್ನು ಎರಡು ಥರದ ಜನ ಕೇಳುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿ ಸೇರಿದ ಹುಡುಗ ಹುಡುಗಿಯರು ಒಂದು ಕಡೆ. ಅಲ್ಲಿ ಹೊರಗೆಲ್ಲೂ ಕೇಳದ ಹೆಸರಿನ ಟೂಲ್‌ಗಳನ್ನು ಕಂಡು ಗಾಬರಿಯಾಗಿ ಫೋನ್ ಮಾಡುತ್ತಾರೆ. ಇನ್ನೊಂದು ಕಡೆ ಇಲ್ಲಿನ ಸಾಹುಕಾರರು, ಅವರ ಗುಮಾಸ್ತರು. ಇಬ್ಬರ ಪ್ರಶ್ನೆಯ ಬೇರೂ ಒಂದೇ ಆದ್ದರಿಂದ ಉತ್ತರಗಳನ್ನು ಒಂದೇ ಕಡೆ ಇಟ್ಟಿದ್ದೇನೆ.

ಟೂಲ್ ಅಂದರೆ ಇಲ್ಲಿ ಯಾವುದು?

ಕಂಪನಿ ಮಾರುವ ಸರಕಲ್ಲ. ಆ ಸರಕು ತಯಾರಾಗಲು ಒಳಗೆ ಬೇಕಾಗುವ ಸಲಕರಣೆ. ಕೋಡ್ ಕಾಪಿಡುವುದು, ಬಿಲ್ಡ್ ಮಾಡುವುದು (ಅಂದರೆ ಕೋಡನ್ನು ನಡೆಯುವ ಪ್ರೋಗ್ರಾಂ ಆಗಿಸುವುದು), ಪರೀಕ್ಷಿಸುವುದು, ಸರ್ವರ್‌ಗೆ ಏರಿಸುವುದು, ಸರ್ವರ್ ಬಿದ್ದರೆ ಎಚ್ಚರಿಸುವುದು, ನೌಕರರು ಮಾತಾಡಿಕೊಳ್ಳುವ ಚಾಟ್, ಡೇಟಾಬೇಸ್ ಎಲ್ಲವೂ ಇದರಲ್ಲಿ ಬರುತ್ತವೆ. ಗಿರಣಿಯಲ್ಲಾದರೆ ಕಾಟಾ ಚೀಟಿ, ದಾಸ್ತಾನು, ದಲಾಲಿ ಲೆಕ್ಕ ಇಡುವ ಪ್ರೋಗ್ರಾಂ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಾಗ ಸ್ವಂತದ್ದು ಕಟ್ಟುವ ಉಸಾಬರಿ ಯಾಕೆ?

ಪ್ರತಿ ಟೂಲ್ ಒಳಗೂ ಅದನ್ನು ಬರೆದವರ ತೀರ್ಮಾನಗಳು ಕೂತಿರುತ್ತವೆ. ಏನನ್ನು ಅಳೆಯಬೇಕು, ಯಾವ ಕೆಲಸ ಮೊದಲು ಯಾವುದು ಆಮೇಲೆ, ಯಾರು ಒಪ್ಪಿದರೆ ಕಡತ ಮುಂದೆ ಹೋಗಬೇಕು, ಯಾವುದನ್ನು ಬರೆದಿಡದಿದ್ದರೂ ನಡೆಯುತ್ತದೆ ಎಂಬುದನ್ನೆಲ್ಲ ಅವರು ತಮಗೆ ಗೊತ್ತಿದ್ದ ಕೆಲಸವನ್ನು ನೋಡಿ ತೀರ್ಮಾನಿಸಿರುತ್ತಾರೆ. ಟೂಲ್ ತಂದರೆ ಆ ತೀರ್ಮಾನಗಳೂ ಜೊತೆಗೆ ಬರುತ್ತವೆ. ಬಹಳ ಕಡೆ ಇದರಿಂದ ತೊಂದರೆಯಿಲ್ಲ. ಹಾಜರಿ, ಸಂಬಳ, ಇ-ಮೇಲ್ ಎಲ್ಲ ಕಂಪನಿಯಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಯಾವ ಕೆಲಸದಿಂದ ಕಂಪನಿಯ ಅನ್ನ ಹುಟ್ಟುತ್ತದೋ ಆ ಕೆಲಸದ ತೀರ್ಮಾನವೇ ಬೇರೆಯವರ ಕೈಲಿದ್ದರೆ ದಿನವೂ ಜಗ್ಗಾಟ.

ನಮ್ಮ ಊರಿನ ಲೆಕ್ಕವನ್ನೇ ನೋಡಿ. ಇಲ್ಲಿ ಭತ್ತದ ದರ ಮಾತಾಡುವುದು 75 ಕೆ.ಜಿ. ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲ್‌ಗೆ. ಸಿದ್ಧ ಸಾಫ್ಟ್‌ವೇರ್ ಬಹಳ ಸಲ ಕೇಳುವುದು ಕೆ.ಜಿ.ಗೆ ಎಷ್ಟು ಅಂತ. ಚೀಲಕ್ಕೆ 1,700 ರೂಪಾಯಿಗೆ ಮಾತಾಗಿದೆ ಅಂದುಕೊಳ್ಳಿ. 75ರಿಂದ ಭಾಗಿಸಿದರೆ 22.6666 ಎಂದು ಮುಗಿಯದೇ ಹೋಗುತ್ತದೆ. ಸಾಫ್ಟ್‌ವೇರ್ ಅದನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿ 22.67 ಎನ್ನುತ್ತದೆ. 1,000 ಚೀಲಕ್ಕೆ ಬರಬೇಕಾದದ್ದು 17,00,000 ರೂಪಾಯಿ, ಪರದೆ ಮೇಲೆ ಬಂದದ್ದು 17,00,250. ಸಾಹುಕಾರರಿಗೆ 250 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ದಲಾಲಿ ಅಂಗಡಿಯ ಪಟ್ಟಿಗೂ ಗಿರಣಿಯ ಪಟ್ಟಿಗೂ ತಾಳೆ ಬರಲಿಲ್ಲ ಅಂದಮೇಲೆ ಯಾರ ಪಟ್ಟಿಯನ್ನು ನಂಬುವುದು? ಆವತ್ತಿನಿಂದ ಗುಮಾಸ್ತ ಪ್ರತಿ ಲೋಡಿನ ಲೆಕ್ಕವನ್ನು ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಮ್ಮೆ ಹಾಕುತ್ತಾನೆ. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಬರೀ ಬಿಲ್ ಮುದ್ರಿಸಲು ಉಳಿಯುತ್ತದೆ. ಇದರ ಮೇಲೆ ತೇವಾಂಶದ ಕಡಿತ, ಖಾಲಿ ಚೀಲದ ತೂಕ, ಹಮಾಲಿ, ದಲಾಲಿ, ಹಣ ಕೊಡುವ ವಾಯಿದೆ. ಇವೆಲ್ಲ ಒಂದೊಂದು ಅಂಗಡಿಯಲ್ಲಿ ಒಂದೊಂದು ರೀತಿ.

ಸಾವಿರಾರು ಎಂಜಿನಿಯರುಗಳಿರುವ ಕಂಪನಿಯಲ್ಲಿ ಆಗುವುದೂ ಇದೇ, ಗಾತ್ರ ಮಾತ್ರ ಬೇರೆ.

"ಎಲ್ಲಾ ಟ್ಯಾಲಿಯೊಳಗ ಐತಲ್ರಿ, ಮತ್ಯಾಕ ಬೇರೆ?"

ಟ್ಯಾಲಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಲೆಡ್ಜರ್, ಜಿಎಸ್‌ಟಿ, ಬ್ಯಾಂಕ್ ತಾಳೆ, ಆಡಿಟರ್‌ಗೆ ಕೊಡುವ ಲೆಕ್ಕ ಇವಕ್ಕೆ ಅದನ್ನೇ ಬಳಸಿ. ಚೀಲ ಮತ್ತು ಕೆ.ಜಿ. ಎರಡೂ ಅಳತೆಯನ್ನು ಅದರಲ್ಲಿ ಕೂಡಿಸಲು ಬರುತ್ತದೆ. ಟ್ಯಾಲಿಯದೇ ಪ್ರೋಗ್ರಾಮಿಂಗ್ ಭಾಷೆಯಾದ ಟಿಡಿಎಲ್ ಬಲ್ಲವರು ಸಿಕ್ಕರೆ ಇನ್ನೂ ಎಷ್ಟೋ ಬದಲಾವಣೆ ಮಾಡಿಸಿಕೊಳ್ಳಬಹುದು. ಟ್ಯಾಲಿಗೆ ಬರುವ ಮುಂಚಿನದು, ಅಂದರೆ ಕಾಟಾದ ಮೇಲೆ ಲಾರಿ ನಿಂತ ಗಳಿಗೆಯಿಂದ ಭತ್ತ ಅಕ್ಕಿಯಾಗಿ, ನುಚ್ಚು, ತೌಡು, ಹೊಟ್ಟು ಬೇರೆ ಬೇರೆಯಾಗಿ ಮಾರಾಟವಾಗುವವರೆಗಿನ ದಾರಿ, ಅದು ಗಿರಣಿಯ ಸ್ವಂತ ಕಥೆ. ಸರ್ಕಾರಕ್ಕೆ ಭತ್ತ ಅರೆದುಕೊಟ್ಟರೆ ಕ್ವಿಂಟಲ್‌ಗೆ 67 ಕೆ.ಜಿ. ರಾ ರೈಸ್ (ಕುದಿಸದ ಭತ್ತದ ಅಕ್ಕಿ) ಕೊಡಬೇಕು ಎಂಬ ಲೆಕ್ಕವೇ ಬೇರೆ, ಸ್ವಂತ ಖರೀದಿಯ ಲೆಕ್ಕವೇ ಬೇರೆ. ಎರಡೂ ಒಂದೇ ಯಂತ್ರದಲ್ಲಿ, ಒಂದೇ ದಿನ ನಡೆಯುತ್ತವೆ.

ಟ್ಯಾಲಿ ಹುಟ್ಟಿದ್ದು ಹೇಗೆ ಎಂದು ಗೊತ್ತಾದರೆ ಸಾಹುಕಾರರಿಗೆ ಖುಷಿಯಾಗುತ್ತದೆ. ಶ್ಯಾಮ್ ಸುಂದರ್ ಗೋಯೆಂಕಾ ಅವರದು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಮತ್ತು ಯಂತ್ರದ ಬಿಡಿಭಾಗ ಒದಗಿಸುವ ವ್ಯಾಪಾರ. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಎಲ್ಲೂ ಸಿಗದೇ ಹೋದಾಗ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ ನೀನೇ ಒಂದು ಬರೆ ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಕಂಪನಿಯೇ ಇವತ್ತಿನ ಬೆಂಗಳೂರಿನ ಟ್ಯಾಲಿ. ಒಬ್ಬ ವ್ಯಾಪಾರಿ ತನ್ನ ಅಂಗಡಿಗಾಗಿ ಕಟ್ಟಿಸಿದ ಟೂಲ್ ದೇಶದ ಅಂಗಡಿಗಳಿಗೆಲ್ಲ ಸಿದ್ಧ ಟೂಲ್ ಆಯಿತು.

ಗೂಗಲ್‌ನಂಥ ಕಂಪನಿ ದುಡ್ಡು ಕೊಟ್ಟರೆ ಏನು ಬೇಕಾದರೂ ಸಿಗುತ್ತದೆ. ಅವರಿಗೇನು ಕೊರತೆ?

ದುಡ್ಡಿನ ಕೊರತೆಯಲ್ಲ. ಅವರ ಗಾತ್ರಕ್ಕೆ ತಾಳುವ ಸರಕು ಮಾರಾಟಕ್ಕೆ ಇರಲಿಲ್ಲ. ಗೂಗಲ್ ಹತ್ತು ವರ್ಷಕ್ಕೂ ಮೇಲೆ ತನ್ನ ಕೋಡನ್ನು ಪರ್ಫೋರ್ಸ್ ಎಂಬ ಕೊಂಡುತಂದ ಟೂಲ್‌ನಲ್ಲೇ ಇಟ್ಟಿತ್ತು. ಅದು ಭಾರ ತಾಳದ ಹಂತಕ್ಕೆ ಬಂದಮೇಲೆ ಪೈಪರ್ ಎಂಬ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿತು. 2015ರ ಜನವರಿ ಹೊತ್ತಿಗೆ ಆ ಒಂದೇ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲು ಕೋಡ್, 86 ಟೆರಾಬೈಟ್ ದತ್ತಾಂಶ ಇತ್ತೆಂದು ಅವರ ಎಂಜಿನಿಯರುಗಳೇ ಬರೆದಿದ್ದಾರೆ. ಇಷ್ಟು ದೊಡ್ಡ ಗಿರಾಕಿ ಜಗತ್ತಿನಲ್ಲಿ ಬೆರಳೆಣಿಕೆ. ಅಂಥವರಿಗಾಗಿ ಯಾರು ಸರಕು ಮಾಡಿ ಅಂಗಡಿಯಲ್ಲಿ ಇಡುತ್ತಾರೆ?

ಅಪಾರ ದತ್ತಾಂಶವನ್ನು ಸಾವಿರಾರು ಯಂತ್ರಗಳಿಗೆ ಹಂಚಿ ಇಡುವ, ಸಂಸ್ಕರಿಸುವ ಅವರ ಫೈಲ್ ಸಿಸ್ಟಮ್, ಮ್ಯಾಪ್‌ರೆಡ್ಯೂಸ್, ಬಿಗ್‌ಟೇಬಲ್ ಕೂಡ ಹೀಗೇ ಹುಟ್ಟಿದವು. 2003, 2004, 2006ರಲ್ಲಿ ಅವುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು, ಕೋಡ್ ಕೊಡಲಿಲ್ಲ. ಮೊದಲಿನ ಪ್ರಬಂಧಗಳನ್ನು ಓದಿಯೇ ಡಗ್ ಕಟಿಂಗ್ ಮತ್ತು ಮೈಕ್ ಕಾಫರೆಲ್ಲಾ ಅದೇ ಕೆಲಸದ ಮುಕ್ತ ಟೂಲ್ (ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದದ್ದು) ಹಡೂಪ್‌ನ ಬುನಾದಿ ಹಾಕಿದರು.

ಒಂದು ಎಚ್ಚರ ಬೇಕು. ಗೂಗಲ್ ಮಾಡಿತು ಅಂತ ಇಪ್ಪತ್ತು ಜನರ ಕಂಪನಿ ಮಾಡಬಾರದು. ಅವರ ಕಾರಣ ಅವರ ಗಾತ್ರ. ಆ ಗಾತ್ರ ನಿಮಗಿಲ್ಲದಿದ್ದರೆ ಆ ಕಾರಣವೂ ನಿಮ್ಮದಲ್ಲ.

ಗಿಟ್ ಕೂಡ ಹೀಗೇ ಹುಟ್ಟಿತಂತೆ, ಹೌದಾ?

ಹೌದು. ಈ ವಿಷಯದಲ್ಲಿ ನನಗೆ ಅತಿ ಇಷ್ಟದ ಕಥೆ ಇದೇ. ಇವತ್ತು ಕಾಲೇಜಿನ ಮೊದಲ ವರ್ಷದ ಹುಡುಗನೂ ಬಳಸುವ ಗಿಟ್, ಅಂದರೆ ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಟೂಲ್, ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ, ತುರ್ತಿಗೆ ಬಿದ್ದು ಕಟ್ಟಿದ್ದು.

ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವ ತಂಡ 2002ರಿಂದ ಇದೇ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಟೂಲ್ ಬಳಸುತ್ತಿತ್ತು. ಅದು ಬಿಟ್‌ಮೂವರ್ ಎಂಬ ಖಾಸಗಿ ಕಂಪನಿಯದು, ಕರ್ನಲ್ ಕೆಲಸ ಮಾಡುವವರಿಗೆ ಪುಕ್ಕಟೆ. ಪುಕ್ಕಟೆಗೆ ಷರತ್ತುಗಳಿದ್ದವು, ಇದನ್ನು ಬಳಸುವವರು ಇದಕ್ಕೆ ಪೈಪೋಟಿಯಾಗುವ ಟೂಲ್ ಬರೆಯುವ ಹಾಗಿಲ್ಲ ಎಂಬುದು ಅದರಲ್ಲೊಂದು. ಮುಕ್ತ ಸಾಫ್ಟ್‌ವೇರ್‌ನ ಜನಕ್ಕೆ ಮೊದಲಿಂದಲೂ ಇದು ಸರಿಬಂದಿರಲಿಲ್ಲ. ಆಂಡ್ರ್ಯೂ ಟ್ರಿಜೆಲ್ ಅವರು ಬಿಟ್‌ಕೀಪರ್ ಸರ್ವರ್ ಜೊತೆ ಮಾತಾಡಬಲ್ಲ ಬೇರೊಂದು ಪ್ರೋಗ್ರಾಂ ಬರೆದಾಗ ಕಂಪನಿ ಸಿಟ್ಟಾಗಿ 2005ರಲ್ಲಿ ಪುಕ್ಕಟೆ ಬಳಕೆಯನ್ನೇ ನಿಲ್ಲಿಸಿತು. ಜಗತ್ತಿನಾದ್ಯಂತ ಕೆಲಸ ಮಾಡುವ ಅಷ್ಟು ದೊಡ್ಡ ತಂಡದ ಕೈಲಿದ್ದ ಟೂಲ್ ಇದ್ದಕ್ಕಿದ್ದ ಹಾಗೆ ಹೋಯಿತು.

ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಆಗ ಸಿಗುತ್ತಿದ್ದ ಬೇರೆ ಟೂಲ್‌ಗಳನ್ನೂ ನೋಡಿದರು. ಅವರಿಗೆ ಒಂದು ಪ್ಯಾಚ್ (ಕೋಡಿನ ತಿದ್ದುಪಡಿ) ಮೂರು ಸೆಕೆಂಡಿನೊಳಗೆ ಕೂಡಿಕೊಳ್ಳಬೇಕಿತ್ತು; ಆ ವೇಗ ಯಾವುದರಲ್ಲೂ ಇರಲಿಲ್ಲ. ಏಪ್ರಿಲ್ 3ಕ್ಕೆ ತಾವೇ ಬರೆಯಲು ಕೂತರು. ಏಪ್ರಿಲ್ 7ಕ್ಕೆ ಗಿಟ್‌ನ ಕೋಡ್ ಗಿಟ್‌ನಲ್ಲೇ ಸೇರಿತು. ಜೂನ್‌ನಲ್ಲಿ ಬಂದ ಕರ್ನಲ್ 2.6.12 ಗಿಟ್ ಮೂಲಕವೇ ಹೊರಬಿತ್ತು.

ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಮುಂದಿನದು. ಅದೇ ವರ್ಷ ಜುಲೈನಲ್ಲಿ ಟೋರ್ವಾಲ್ಡ್ಸ್ ಗಿಟ್‌ನ ಉಸ್ತುವಾರಿಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಅಲ್ಲಿಂದ ಇಪ್ಪತ್ತು ವರ್ಷ ಅದನ್ನು ಸಾಕಿದವರು ಅವರು. ಬರೆದದ್ದು ಕೆಲವು ದಿನ, ನೋಡಿಕೊಂಡದ್ದು ಎರಡು ದಶಕ. ಸ್ವಂತ ಟೂಲ್ ಕಟ್ಟಬೇಕೋ ಬೇಡವೋ ಎಂದು ನನ್ನ ಬಳಿ ಬಂದವರಿಗೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮಲ್ಲಿ ಆ ಹಮಾನೊ ಯಾರು?

ಒಂದೋ ಕೊಳ್ಳಬೇಕು, ಇಲ್ಲ ಕಟ್ಟಬೇಕು. ನಡುವಿನ ದಾರಿ ಇಲ್ಲವಾ?

ಇದೆ, ಹೆಚ್ಚಿನ ಬುದ್ಧಿವಂತರು ಹಿಡಿಯುವುದು ಅದನ್ನೇ. ಫೇಸ್‌ಬುಕ್‌ನ ಕೋಡ್ ಬೆಳೆದು ಗಿಟ್ ನಿಧಾನವಾಗತೊಡಗಿದಾಗ ಅವರು ಗಿಟ್ ಸಮುದಾಯವನ್ನು ಕೇಳಿದರು. ಕೋಡನ್ನು ಸಣ್ಣ ಸಣ್ಣ ಭಂಡಾರಗಳಾಗಿ ಒಡೆಯಿರಿ ಎಂಬ ಸಲಹೆ ಬಂತು. ಅದು ಅವರಿಗೆ ಬೇಡವಾಗಿತ್ತು. ಆಗ ಮರ್ಕ್ಯೂರಿಯಲ್ ಎಂಬ ಇನ್ನೊಂದು ಮುಕ್ತ ಟೂಲ್ ತೆಗೆದುಕೊಂಡು, ಅದರ ಸಮುದಾಯದ ಜೊತೆಗೇ ಕೂತು ತಮಗೆ ಬೇಕಾದ ವೇಗ ಬರುವ ಹಾಗೆ ತಿದ್ದಿದರು. 2014ರ ಜನವರಿಯಲ್ಲಿ ಆ ಕೆಲಸದ ವಿವರವನ್ನು ಹೊರಗೆ ಹೇಳಿದರು. ತಿದ್ದುತ್ತಾ ತಿದ್ದುತ್ತಾ ಅದು ಮೂಲದಿಂದ ದೂರ ಸರಿದು, 2022ರ ನವೆಂಬರ್‌ನಲ್ಲಿ ಸ್ಯಾಪ್ಲಿಂಗ್ ಎಂಬ ಬೇರೆಯದೇ ಹೆಸರಿನಲ್ಲಿ ಎಲ್ಲರಿಗೂ ಸಿಕ್ಕಿತು. ಎರವಲು ತಂದದ್ದು ಎಂಟು ಹತ್ತು ವರ್ಷದಲ್ಲಿ ಮನೆಯದಾಯಿತು.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಷೇರು ದಲಾಲಿ ಕಂಪನಿ ಜೆರೋಧಾ ನೋಡಿ. ಲಕ್ಷಾಂತರ ಗ್ರಾಹಕರಿಗೆ ಬೇಗ ಮೇಲ್ ಕಳಿಸಲು ಸಿದ್ಧ ಸಾಫ್ಟ್‌ವೇರ್ ಸಾಲದಾದಾಗ ಅಲ್ಲಿ ಲಿಸ್ಟ್‌ಮಾಂಕ್ ಹುಟ್ಟಿತು, 2019ರಲ್ಲಿ ಅದನ್ನು ಮುಕ್ತವಾಗಿ ಬಿಟ್ಟರು. ಆದರೆ ಅದರ ಕೆಳಗಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದನ್ನು ಅವರು ಹೊಸದಾಗಿ ಬರೆಯಲು ಹೋಗಲಿಲ್ಲ. ತಮಗೆ ಬೇಕಾದ ತೆಳುವಾದ ಪದರ ಮಾತ್ರ ಸ್ವಂತದ್ದು.

ಬೇರೆಯವರ ಟೂಲ್ ನಂಬಿಕೊಂಡರೆ ಏನಾಗಿಬಿಡುತ್ತದೆ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿದರೆ ಗೊತ್ತಾಗುತ್ತದೆ. ಮೇಲೆ ಎಷ್ಟು ನೀರು ಬಿಟ್ಟರು, ಗೇಜ್ ಎಷ್ಟು ನಿಂತಿತು ಅನ್ನುವುದರ ಮೇಲೆ ಅವರ ಬೆಳೆ ನಿಂತಿದೆ, ಆ ಗೇಜಿನ ಮೇಲೆ ಅವರ ಅಧಿಕಾರವಿಲ್ಲ. ಅದಕ್ಕೇ ಮಾನ್ವಿ, ಸಿರವಾರ ಕಡೆ ಶಕ್ತಿಯಿದ್ದವರು ಹೊಲದಲ್ಲೇ ಕೆರೆ ಮಾಡಿಕೊಂಡು ಕಾಲುವೆ ಹರಿಯುವಾಗ ತುಂಬಿಸಿಕೊಳ್ಳುತ್ತಾರೆ. ಅಷ್ಟು ಜಮೀನು ಕೆರೆಗೆ ಹೋಗುತ್ತದೆ, ಹೂಳು ತೆಗೆಸಬೇಕು, ಏರಿ ನೋಡಿಕೊಳ್ಳಬೇಕು. ಆದರೂ ಬೆಳೆ ಒಣಗುವ ಹೊತ್ತಿಗೆ ನೀರು ಕೈಯಳತೆಯಲ್ಲಿರುತ್ತದೆ.

ಟೂಲ್ ಮಾರುವ ಕಂಪನಿಯೂ ಮೇಲ್ಭಾಗದಲ್ಲಿ ಕೂತಿರುತ್ತದೆ. ಬೆಲೆ ಏರಿಸಬಹುದು, ಷರತ್ತು ಬದಲಿಸಬಹುದು, ಮಾರಿಕೊಂಡು ಹೋಗಬಹುದು. ಕ್ಲೌಡ್ (ಬಾಡಿಗೆ ಸರ್ವರ್) ಕೆಲಸದಲ್ಲಿರುವ ಬಹಳ ಜನ ಸರ್ವರ್ ಸಜ್ಜುಗೊಳಿಸಲು ಬಳಸುತ್ತಿದ್ದ ಟೆರಾಫಾರ್ಮ್‌ನ ಪರವಾನಗಿಯನ್ನು ಹಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಬಿಗಿ ಮಾಡಿತು. ಒಪ್ಪದವರು ಹಳೆಯ ಕೋಡಿನಿಂದ ಓಪನ್‌ಟೋಫು ಎಂಬ ಕವಲು ತೆಗೆದು ಲಿನಕ್ಸ್ ಫೌಂಡೇಶನ್ ನೆರಳಿಗೆ ಹೋದರು. ಅಮೆಜಾನ್ ತನ್ನ ಗ್ರಾಹಕ ವ್ಯಾಪಾರದ ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳನ್ನು, 75 ಪೆಟಾಬೈಟ್ ದತ್ತಾಂಶವನ್ನು ತನ್ನದೇ ಡೇಟಾಬೇಸ್‌ಗಳಿಗೆ ಸಾಗಿಸಿ ಮುಗಿಸಿದ್ದು 2019ರ ಅಕ್ಟೋಬರ್‌ನಲ್ಲಿ. ವರ್ಷಗಟ್ಟಲೆ ಹಿಡಿದ ಕೆಲಸ ಅದು. ಬಿಡಿಸಿಕೊಳ್ಳುವುದು ಅಷ್ಟು ಕಷ್ಟ.

ದುಡ್ಡಿಲ್ಲದೇ ಸಿಗುವ ಮುಕ್ತ ಕೋಡಿನಲ್ಲೂ ಅಪಾಯ ಇದೆ, ಬೇರೆ ರೀತಿಯದು. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಬೇರೊಂದು ಜಗಳದ ಸಿಟ್ಟಿಗೆ ತನ್ನ ಪ್ಯಾಕೇಜ್‌ಗಳನ್ನೆಲ್ಲ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಕೋಡ್ ಹಂಚುವ ತಾಣದಿಂದ ತೆಗೆದುಹಾಕಿದರು. ಅದರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡ್ ಇತ್ತು. ಅದನ್ನು ನೇರವಾಗಿಯೋ ಸುತ್ತುಬಳಸಿಯೋ ನೆಚ್ಚಿಕೊಂಡಿದ್ದ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಆ ಹೊತ್ತಿಗೆ ನಿಂತುಹೋಯಿತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಶನ್ ಟೂಲ್‌ನಲ್ಲಿ ಯಾರೋ ಬೇಕೆಂದೇ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಇಟ್ಟದ್ದು ಹೊರಬಿತ್ತು. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದಾಗ ಸಿಕ್ಕಿಬಿತ್ತು. ಆ ಟೂಲ್ ಅನ್ನು ವರ್ಷಗಳ ಕಾಲ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಅವರ ದಣಿವನ್ನೇ ಕಳ್ಳ ಬಳಸಿಕೊಂಡ. ನಾವೆಲ್ಲ ಬಳಸುವ ಸರಕನ್ನು ಸಾಕುತ್ತಿರುವವರು ಯಾರು ಎಂದು ಕೇಳದೇ ಇರುವುದು ನಮ್ಮ ವೃತ್ತಿಯ ದೊಡ್ಡ ಲೋಪ ಎಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಸ್ವಂತದ್ದೇ ಕ್ಷೇಮವಲ್ಲವೇ?

ಅಲ್ಲ. ಎಕ್ಸ್‌ಝಡ್‌ನ ಕೋಡ್ ಎಲ್ಲರೂ ನೋಡಬಹುದಾಗಿತ್ತು, ಆದ್ದರಿಂದ ಒಬ್ಬರ ಕಣ್ಣಿಗಾದರೂ ಬಿತ್ತು. ನಿಮ್ಮ ಆಫೀಸಿನ ಒಳಗಿನ ಕೋಡಿಗೆ ಅಷ್ಟು ಕಣ್ಣುಗಳಿಲ್ಲ. ಎನ್‌ಕ್ರಿಪ್ಶನ್, ಪಾಸ್‌ವರ್ಡ್ ಕಾಪಿಡುವ ವಿಧಾನ, ಡೇಟಾಬೇಸ್ ಎಂಜಿನ್, ದಿನಾಂಕ ಮತ್ತು ಸಮಯದ ಲೆಕ್ಕ, ಆನ್‌ಲೈನ್ ಪಾವತಿ ಇವನ್ನು ಸ್ವಂತವಾಗಿ ಬರೆಯುತ್ತೇನೆ ಎಂದು ಬಂದ ಹುಡುಗರನ್ನು ನಾನು ಕೂರಿಸಿಕೊಂಡು ಬೇಡ ಎನ್ನುತ್ತೇನೆ. ಜಿಎಸ್‌ಟಿ ಕೂಡ ಅಷ್ಟೇ. ನಿಯಮ ಬದಲಾದಾಗಲೆಲ್ಲ ಬೆನ್ನುಹತ್ತುವ ಕೆಲಸವನ್ನು ಅದನ್ನೇ ಕಸುಬು ಮಾಡಿಕೊಂಡವರಿಗೆ ಬಿಡಬೇಕು.

ಕನ್ನಡದಲ್ಲಿ ಇಂಥ ಅನುಭವ ಇದೆಯಾ?

ಇದೆ, ಒಳ್ಳೆಯದೂ ಕಷ್ಟದ್ದೂ ಎರಡೂ. ಕಂಪ್ಯೂಟರ್‌ನಲ್ಲಿ ಕನ್ನಡವನ್ನು ಬೇರೆ ಯಾರೂ ತಂದುಕೊಡದಿದ್ದಾಗ ನಮ್ಮವರೇ ಕಟ್ಟಿಕೊಂಡರು. ಕೆ.ಪಿ. ರಾವ್ ಅವರು ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು, ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಎಂಬ ಕನ್ನಡ ಬರೆಯುವ ಸಾಫ್ಟ್‌ವೇರ್ ತಂದರು, ಕನ್ನಡ ಗಣಕ ಪರಿಷತ್ತು 'ನುಡಿ' ಎಂಬ ಸಾಫ್ಟ್‌ವೇರ್ ಮಾಡಿತು. ಈ ಮೂವರ ಕೆಲಸ ಇಲ್ಲದಿದ್ದರೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಇಷ್ಟು ಬೇಗ ಬರುತ್ತಿರಲಿಲ್ಲ. ಅವರಿಗೆ ನಾನು ಕೈಮುಗಿಯುತ್ತೇನೆ.

ಆಗ ವಿಂಡೋಸ್‌ನಲ್ಲಿ ಕನ್ನಡಕ್ಕೆ ಯುನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಪ್ಪಿದ ಅಕ್ಷರ ಸಂಕೇತ, ಇರಲಿಲ್ಲ. ಆದ್ದರಿಂದ ಆ ಕಾಲದ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ತಮ್ಮದೇ ಕ್ರಮದಲ್ಲಿ ಕೂರಿಸಿಕೊಂಡವು. ಬೇರೆ ದಾರಿಯೂ ಇರಲಿಲ್ಲ. ಇವತ್ತು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಳೆಯ ನುಡಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹುಡುಕಿದರೆ ಏನೂ ಸಿಗುವುದಿಲ್ಲ, ಯುನಿಕೋಡ್‌ಗೆ ಪರಿವರ್ತಿಸಿ ಒತ್ತಕ್ಷರ ತಿದ್ದುತ್ತಾ ಕೂರಬೇಕು. ಸ್ವಂತ ಟೂಲ್‌ಗಿಂತ ಸ್ವಂತ ಕಡತ ಸ್ವರೂಪ ಹೆಚ್ಚು ಕಾಲ ಕಾಡುತ್ತದೆ. ಟೂಲ್ ಸ್ವಂತದ್ದಾದರೂ ದತ್ತಾಂಶ ಎಲ್ಲರೂ ಓದಬಲ್ಲ ರೂಪದಲ್ಲಿರಬೇಕು.

ಸರ್ಕಾರವೂ ಹೀಗೆ ಸ್ವಂತದ್ದು ಕಟ್ಟುತ್ತದಾ?

ಕಟ್ಟುತ್ತದೆ. ಎಪಿಎಂಸಿಗಳ ಆನ್‌ಲೈನ್ ಟೆಂಡರ್‌ಗಾಗಿ ಕರ್ನಾಟಕ 2014ರಲ್ಲೇ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ಕೇಂದ್ರದ ಅಂಥದ್ದೇ ವೇದಿಕೆ ಇ-ನ್ಯಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ಪಹಣಿಯ 'ಭೂಮಿ'ಯೂ ರಾಜ್ಯದ್ದೇ.

ನಿಜ ಹೇಳಿ, ಎಂಜಿನಿಯರುಗಳ ಪ್ರತಿಷ್ಠೆ ಇದರಲ್ಲಿ ಇಲ್ಲವೇ ಇಲ್ಲವಾ?

ಇದೆ. ಬೇರೆಯವರ ಕೋಡ್ ಓದುವುದಕ್ಕಿಂತ ತಾನೇ ಬರೆಯುವುದು ಸುಲಭ ಅನ್ನಿಸುತ್ತದೆ, ಹಿತವೂ ಹೌದು. ಬಡ್ತಿಯ ಸಮಯದಲ್ಲಿ 'ಹೊಸ ವ್ಯವಸ್ಥೆ ಕಟ್ಟಿದೆ' ಎಂಬ ಸಾಲಿಗೆ ಇರುವ ತೂಕ 'ಇದ್ದದ್ದನ್ನು ಸರಿಯಾಗಿ ನಡೆಸಿದೆ' ಎಂಬುದಕ್ಕೆ ಇಲ್ಲ. ಕಟ್ಟಿದವನು ಬಡ್ತಿ ಪಡೆದು ಬೇರೆ ತಂಡಕ್ಕೆ ಹೋಗುತ್ತಾನೆ. ಉಳಿದವರ ಪಾಲಿಗೆ ದಾಖಲೆ ಇಲ್ಲದ, ಯಾರೂ ಮುಟ್ಟಲು ಹೆದರುವ ಟೂಲ್. ಇದು ಎಂಜಿನಿಯರನ ಸ್ವಭಾವದ ದೋಷ ಅನ್ನುವುದಕ್ಕಿಂತ ಸಾಕುವವರನ್ನು ಗೌರವಿಸದ ಆಡಳಿತದ ದೋಷ ಎನ್ನುತ್ತೇನೆ.

ಹೊರಗೆ ಬಿಟ್ಟ ಟೂಲ್‌ಗೂ ಇದೇ ಗತಿ ಆಗಬಹುದು. ಫೇಸ್‌ಬುಕ್ ಒಳಗೆ ಹುಟ್ಟಿ 2011ರಲ್ಲಿ ಮುಕ್ತವಾದ, ಕೋಡ್ ಪರಿಶೀಲನೆಯ ಟೂಲ್ ಫ್ಯಾಬ್ರಿಕೇಟರ್ ಅನ್ನು ಎಷ್ಟೋ ಸಂಸ್ಥೆಗಳು ನೆಚ್ಚಿಕೊಂಡಿದ್ದವು. ನೋಡಿಕೊಳ್ಳುತ್ತಿದ್ದ ಕಂಪನಿ 2021ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿತು.

"ಸರ್, ನಮ್ಮ ಕಂಪನಿ ಟೂಲ್ ಹೊರಗ ಎಲ್ಲೂ ಇಲ್ಲ. ಇದನ್ನ ಕಲ್ತು ನಾಳೆ ಬೇರೆ ಕಡೆ ಏನು ಮಾಡ್ಲಿ?"

ಈ ಪ್ರಶ್ನೆ ಕೇಳುವಾಗ ಹುಡುಗರ ದನಿಯಲ್ಲಿರುವ ಆತಂಕ ನನಗೆ ಅರ್ಥವಾಗುತ್ತದೆ. ಊರಿನಿಂದ ದೂರ ಬಂದು, ಸಾಲ ತೀರಿಸುವ ಹೊತ್ತಿಗೆ ಕಲಿತದ್ದು ಚಲಾವಣೆಯಾಗದ ನಾಣ್ಯ ಅನ್ನಿಸಿದರೆ ನಿದ್ದೆ ಹೇಗೆ ಬರುತ್ತದೆ?

ಹೆಸರು ಬೇರೆ ಇರುತ್ತದೆ, ಒಳಗಿನ ಸಮಸ್ಯೆ ಒಂದೇ ಇರುತ್ತದೆ. ಸಾವಿರಾರು ಸರ್ವರ್‌ಗಳಿಗೆ ಕೆಲಸ ಹಂಚುವ ಬೋರ್ಗ್ ಎಂಬ ಟೂಲನ್ನು ಗೂಗಲ್ ಒಳಗೆ ನಡೆಸಿದವರ ಅನುಭವದಿಂದಲೇ 2014ರಲ್ಲಿ ಎಲ್ಲರೂ ಬಳಸಬಹುದಾದ ಕುಬರ್ನೆಟೀಸ್ ಬಂತು. ಗೂಗಲ್ ಒಳಗಿನ ಬಿಲ್ಡ್ ಟೂಲ್ ಬ್ಲೇಜ್ 2015ರಲ್ಲಿ ಬೇಜಲ್ ಆಗಿ ಹೊರಬಂತು. ಲಿಂಕ್ಡ್‌ಇನ್ ತನ್ನ ದತ್ತಾಂಶದ ಹರಿವಿಗಾಗಿ ಕಟ್ಟಿದ ಕಾಫ್ಕಾ 2011ರಲ್ಲಿ ಮುಕ್ತವಾಯಿತು, ಇವತ್ತು ಉದ್ಯೋಗ ಜಾಹೀರಾತುಗಳಲ್ಲಿ ಅದರ ಹೆಸರು ಎದ್ದು ಕಾಣುತ್ತದೆ. ಕಚೇರಿಗಳಲ್ಲಿ ಬಳಸುವ ಚಾಟ್ ಸ್ಲ್ಯಾಕ್ ಕೂಡ ಒಂದು ಆಟದ ಕಂಪನಿಯವರು ತಮ್ಮೊಳಗೆ ಮಾತಾಡಿಕೊಳ್ಳಲು ಮಾಡಿಕೊಂಡದ್ದು. ಆಟ 2012ರಲ್ಲಿ ಮುಚ್ಚಿತು, ಚಾಟ್ ಉಳಿಯಿತು.

ಹಾಗಾಗಿ ಕಂಪನಿಯ ಟೂಲ್ ಕೈಗೆ ಬಂದಾಗ ಗುಂಡಿಗಳನ್ನು ಒತ್ತುವುದಕ್ಕೇ ನಿಲ್ಲಬೇಡಿ. ಅದನ್ನು ಕಟ್ಟುವ ಮುಂಚೆ ಬರೆದ ವಿನ್ಯಾಸದ ಟಿಪ್ಪಣಿ ಒಳಗೆಲ್ಲೋ ಇರುತ್ತದೆ, ಹುಡುಕಿ ಓದಿ. ಆಗ ಯಾವ ಸಿದ್ಧ ಟೂಲ್ ನೋಡಿದ್ದರು, ಯಾಕೆ ಬೇಡ ಅಂದರು ಎಂಬುದು ಅದರಲ್ಲಿರುತ್ತದೆ. ಮನೆಯಲ್ಲಿ, ಸ್ವಂತ ಸಮಯದಲ್ಲಿ, ಅದಕ್ಕೆ ಸಮನಾದ ಹೊರಗಿನ ಟೂಲ್ ಹಾಕಿಕೊಂಡು ಅದೇ ಕೆಲಸ ಮಾಡಿ ನೋಡಿ. ಸಂದರ್ಶನದಲ್ಲಿ 'ಅಲ್ಲಿ ಹೀಗಿತ್ತು, ಇಲ್ಲಿ ಹೀಗಿದೆ, ಈ ಕಾರಣಕ್ಕೆ' ಎಂದು ಹೇಳಬಲ್ಲ ಅಭ್ಯರ್ಥಿಯನ್ನು ಯಾರೂ ಸುಮ್ಮನೆ ಕಳಿಸುವುದಿಲ್ಲ.

ಈಗ ಎಐ ಕೋಡ್ ಬರೆದುಕೊಡುತ್ತದಲ್ಲ, ಇನ್ನು ಎಲ್ಲರೂ ಸ್ವಂತದ್ದೇ ಕಟ್ಟಿಕೊಳ್ಳಬಹುದಾ?

ಬರೆಯುವುದು ಅಗ್ಗವಾಗಿದೆ, ನಿಜ. ಮೊದಲು ತಿಂಗಳು ಹಿಡಿಯುತ್ತಿದ್ದ ಪರದೆಗಳು ಈಗ ಬೇಗ ಏಳುತ್ತವೆ, ನಾನೂ ಬಳಸುತ್ತೇನೆ. ಇದರಿಂದ ಸಣ್ಣ ಅಂಗಡಿಯವರಿಗೂ ತಮ್ಮ ಕೆಲಸಕ್ಕೆ ತಕ್ಕ ಟೂಲ್ ಸಿಗುವ ದಿನ ಬಂದಿದೆ, ನನಗೆ ಅದು ನಿಜವಾದ ಸಂತೋಷ. ಆದರೆ ಸುಗ್ಗಿಯಲ್ಲಿ ಕಾಟಾದ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಾಗ ಪ್ರೋಗ್ರಾಂ ನಿಂತರೆ ಅದರ ಒಳಗು ಗೊತ್ತಿರುವವರು ಬೇಕು. ತಾನು ಓದಿಲ್ಲದ ಕೋಡನ್ನು ಯಾರೂ ರಾತ್ರಿ ಹನ್ನೊಂದಕ್ಕೆ ರಿಪೇರಿ ಮಾಡಲಾರರು. ಎಐ ಬರೆದದ್ದನ್ನು ಸಾಲು ಸಾಲಾಗಿ ಓದಿ ಒಪ್ಪುವ ಮನುಷ್ಯ ನಿಮ್ಮ ಬಳಿ ಇದ್ದರೆ ಕಟ್ಟಿ, ಇಲ್ಲದಿದ್ದರೆ ಸಿದ್ಧವಾದದ್ದು ತನ್ನಿ.

ನಮ್ಮದು ಸಣ್ಣ ವ್ಯಾಪಾರ. ಕಟ್ಟಿಸಬೇಕೋ ಬೇಡವೋ ಹೇಗೆ ಗೊತ್ತಾಗಬೇಕು?

ಗುಮಾಸ್ತರ ಪಕ್ಕದಲ್ಲಿ ಒಂದು ಪೂರ್ತಿ ದಿನ ಕೂತು ನೋಡಿ. ಸಾಫ್ಟ್‌ವೇರ್ ತೆರೆದಿದ್ದರೂ ಅವರು ಪಕ್ಕಕ್ಕೆ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತಾರೆ, ಅಥವಾ ಒಂದು ಎಕ್ಸೆಲ್ ಶೀಟ್. ಆ ನೋಟ್‌ಬುಕ್‌ನಲ್ಲಿ ಏನು ಬರೆಯುತ್ತಾರೋ ಅದೇ ಸಿದ್ಧ ಟೂಲ್‌ಗೆ ಗೊತ್ತಿಲ್ಲದ ನಿಮ್ಮ ಕೆಲಸ. ಬಳ್ಳಾರಿಯ ಜೀನ್ಸ್ ಘಟಕದಲ್ಲಾದರೆ ಯಾವ ಲಾಟ್ ಕಟಿಂಗ್‌ನಲ್ಲಿದೆ, ಎಷ್ಟು ಪೀಸ್ ಯಾರ ಮನೆಗೆ ಹೊಲಿಗೆಗೆ ಹೋಗಿದೆ, ಎಷ್ಟು ವಾಷಿಂಗ್‌ನಿಂದ ವಾಪಸ್ ಬಂದಿದೆ, ಯಾರಿಗೆ ಪೀಸ್ ಲೆಕ್ಕದಲ್ಲಿ ಎಷ್ಟು ಕೊಡಬೇಕು ಎಂಬುದು ಇರುತ್ತದೆ. ಗಿರಣಿಯಲ್ಲಾದರೆ ಮೇಲೆ ಹೇಳಿದ ಚೀಲದ ಲೆಕ್ಕ.

ಅಷ್ಟನ್ನು ಮಾತ್ರ ಕಟ್ಟಿಸಿ. ಅದೂ ಲೆಕ್ಕ, ದಾಸ್ತಾನು ಎಲ್ಲ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ವ್ಯವಸ್ಥೆಯ ಮೇಲೆ ಕೂರುವಂತಿದ್ದರೆ ಮೊದಲು ಅದನ್ನು ನೋಡಿ. ಮುಂಬೈನ ರುಶಭ್ ಮೆಹ್ತಾ ಮತ್ತು ತಂಡ ಅದನ್ನು ತಿದ್ದಿಕೊಳ್ಳಲು ಬರುವ ಹಾಗೇ ಕಟ್ಟಿದ್ದಾರೆ. ನೋಟ್‌ಬುಕ್ಕೇ ಇಲ್ಲ, ಗುಮಾಸ್ತರು ನೆಮ್ಮದಿಯಾಗಿದ್ದಾರೆ ಅಂದರೆ ಏನೂ ಕಟ್ಟಿಸಬೇಡಿ.

ಬರೆಸುವವರ ಜೊತೆ ಒಪ್ಪಂದದಲ್ಲಿ ಏನೇನಿರಬೇಕು?

ಮಾತಿನಲ್ಲಿ ಮುಗಿಸಬೇಡಿ, ಕಾಗದದ ಮೇಲೆ ಬರಲಿ. ಸೋರ್ಸ್ ಕೋಡ್ ಯಾರದ್ದು, ಅದರ ಪ್ರತಿ ನಿಮ್ಮ ಬಳಿ ಇರುತ್ತದೋ ಇಲ್ಲವೋ ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ಡೊಮೈನ್, ಸರ್ವರ್, ಕ್ಲೌಡ್ ಖಾತೆ ಬರೆದವರ ಹೆಸರಿನಲ್ಲಲ್ಲ, ಅಂಗಡಿಯ ಹೆಸರಿನಲ್ಲಿ, ಅಂಗಡಿಯ ಮೊಬೈಲ್ ನಂಬರಿಗೆ ಓಟಿಪಿ ಬರುವಂತೆ ಇರಬೇಕು. ಪ್ರತಿ ದಿನದ ಬ್ಯಾಕಪ್ ಎಕ್ಸೆಲ್‌ನಲ್ಲಿ ತೆರೆಯುವಂಥ ಕಡತವಾಗಿ ನಿಮ್ಮದೇ ಡಿಸ್ಕಿಗೆ ಬೀಳಬೇಕು, ಕನ್ನಡ ಯುನಿಕೋಡ್‌ನಲ್ಲಿ. ಬರೆಯುವ ಖರ್ಚಿನ ಜೊತೆಗೆ ವರ್ಷ ವರ್ಷದ ಉಸ್ತುವಾರಿ ಖರ್ಚನ್ನೂ ಈಗಲೇ ಮಾತಾಡಿಕೊಳ್ಳಿ, ಅದನ್ನು ಪುಕ್ಕಟೆ ಮಾಡುತ್ತೇನೆ ಎನ್ನುವವರಿಗೆ ಕೆಲಸ ಕೊಡಬೇಡಿ. ಕೋಡ್ ಓದಿ ಅರ್ಥಮಾಡಿಕೊಳ್ಳಬಲ್ಲ ಎರಡನೆಯ ವ್ಯಕ್ತಿಯ ಹೆಸರನ್ನು ಬರೆಸಿಕೊಳ್ಳಿ. ಬಳಸುವ ವಿಧಾನ ಗುಮಾಸ್ತರು ಓದುವ ಕನ್ನಡದಲ್ಲಿ, ಪರದೆಯ ಚಿತ್ರಗಳ ಸಮೇತ ಇರಲಿ. ಕೊನೆಯ ಕಂತಿನ ಹಣ ಒಂದು ಸುಗ್ಗಿ ಪೂರ್ತಿ ಅದರಲ್ಲೇ ಲೆಕ್ಕ ನಡೆದು, ದಲಾಲಿ ಅಂಗಡಿಯ ಪಟ್ಟಿಗೆ ತಾಳೆ ಬಂದಮೇಲೆ ಕೊಡಿ.